ಬಂದರು ಬಿಡದ ಸಾಹೇಬ

ರಬಕವಿಯ ಹಾಲವ್ವನ ಮನೆಯಿಂದ ಯಾರೂ ಸುಮ್ಮನೆ ಎದ್ದು ಹೋಗುವ ಹಾಗಿಲ್ಲ. ಹಾಲು ಹಾಕುವವನಿರಲಿ, ನೂಲು ತಂದುಕೊಡುವವನಿರಲಿ, ಹೊಸ್ತಿಲು ದಾಟುವ ಮೊದಲು "ಬರ್ತೇನ್ರಿ" ಎನ್ನಲೇಬೇಕು. ಮರೆತು "ಹೊಂಟೆ" ಅಂದವನನ್ನು ಒಳಗೆ ಕರೆದು, ನೀರು ಕುಡಿಸಿ, ಸರಿಯಾಗಿ ಹೇಳಿಸಿಯೇ ಕಳಿಸುತ್ತಾಳೆ. ಓಣಿಯವರು ನಗುತ್ತಾರೆ. ನಗಲಿ ಬಿಡಿ, ಕಾರಣ ಅವರಿಗೆ ಗೊತ್ತಿಲ್ಲದ್ದೇನಲ್ಲ.

ಅವಳ ಗಂಡ ಹೊಳಬಸಪ್ಪ ಸೀರೆಯ ಗಂಟು ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋಗಿ ಮಾರಿ ಬರುತ್ತಿದ್ದ. ಒಂದು ಮುಂಜಾನೆ ಚಹಾ ಆರಿಹೋಗಿದೆ ಎಂದು ಮುನಿಸಿಕೊಂಡು, "ಹೊಂಟೆ" ಅಂತಷ್ಟೇ ಅಂದು ಬಸ್ಸಿಗೆ ಓಡಿದ. ದಾರಿಯಲ್ಲಿ ಲಾರಿಯೊಂದು ಬಸ್ಸಿಗೆ ಗುದ್ದಿತು; ಹೊಳಬಸಪ್ಪ ಮನೆಗೆ ಮರಳಲಿಲ್ಲ. ಊರೆಲ್ಲ ಲಾರಿಯವನನ್ನು ಬೈದರೆ ಹಾಲವ್ವ ಆ ಒಂದು ಮಾತನ್ನೇ ಹಿಡಿದು ಕೂತಳು. ಆಗ ಮಗಳು ದಾನೇಶ್ವರಿ ಇನ್ನೂ ಶಾಲೆಗೆ ಹೋಗುವ ಹುಡುಗಿ. ಮಗ್ಗದವರಿಗೆ ಲಾಳಿಗೆ ಹಾಕುವ ಕಂಡಿಕೆ ಸುತ್ತಿಕೊಟ್ಟು, ಬೆರಳ ತುದಿ ನೂಲಿಗೆ ಸವೆಸಿಕೊಂಡು ಅವಳನ್ನು ಓದಿಸಿದಳು. ಈಗ ಮಗಳು ದಿನಾ ಬಸ್ಸು ಹತ್ತಿ ಜಮಖಂಡಿಯ ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. "ಹೋಗಿ ಬರ್ತೇನಿ" ಅನ್ನುವುದು ಅವಳಿಗೆ ಚಪ್ಪಲಿ ಮೆಟ್ಟಿದಷ್ಟೇ ರೂಢಿ.

ಈ ಮಳೆಗಾಲದಲ್ಲಿ ಹಾಲವ್ವ ಹಿತ್ತಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಕೈ ಕಟ್ಟಿ ಕೂತು ಗೊತ್ತಿಲ್ಲದ ಜೀವ, ಮಂಚದ ಮೇಲೆ ಚಡಪಡಿಸುವುದನ್ನು ನೋಡಲಾಗದೆ ಮಗಳು ಹಳೆಯ ಮೊಬೈಲಿನಲ್ಲಿ ಒಂದು ಆಟ ಹಾಕಿಕೊಟ್ಟಳು. ಯಾವುದೋ ಹಳೆಯ ಪ್ರವಾಸ ಕಾದಂಬರಿಯನ್ನು ಆಟ ಮಾಡಿದ್ದರು. ಅಕ್ಷರಗಳು ಕನ್ನಡದಲ್ಲೇ ಇದ್ದವು. ಗಡ್ಡದ ಸಾಹೇಬನೊಬ್ಬ ಭೂಮಿಯನ್ನು ಒಂದು ಸುತ್ತು ಹಾಕಿ ಮನೆಗೆ ಬರುತ್ತೇನೆಂದು ಪಂಥ ಕಟ್ಟಿದ್ದಾನೆ. ಮನೆಯಲ್ಲಿ ಅವನ ತಂಗಿ ಕಿಟಕಿಗೆ ದೀಪವಿಟ್ಟು ಕಾಯುತ್ತಿದ್ದಾಳೆ. ದೀಪದ ಎಣ್ಣೆ ತೀರುವುದರೊಳಗೆ ಸಾಹೇಬ ಬಾಗಿಲು ಮುಟ್ಟಬೇಕು. ದಾನೇಶ್ವರಿ ತಾನೇ ಅವನನ್ನು ಮುಂಬೈ ಬಂದರಿನವರೆಗೆ ತಂದು ಅವ್ವನ ಕೈಗೆ ಒಪ್ಪಿಸಿದಳು.

"ಅಯ್ಯ, ಕಾಯೋರು ಅದಾರಲ್ಲ! ಹಂಗಾರ ಇವನ್ನ ಮನಿ ಮುಟ್ಟಸಾಕ ಬೇಕು," ಎಂದು ಹಾಲವ್ವ ಕನ್ನಡಕ ಏರಿಸಿದಳು.

ಮಧ್ಯಾಹ್ನ ಪಕ್ಕದ ಮನೆಯ ತ್ರಿಶಲಾ ಬಂದು ಜೊತೆಗೆ ಕೂಡುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಹೆಣ್ಣುಮಗಳು, ಆಟದಲ್ಲಿ ಹೊತ್ತು ಮುಳುಗುವ ಮೊದಲೇ ಸಾಹೇಬನಿಗೂ ಊಟ ಮಾಡಿಸಿ ಮುಗಿಸುವಳು. ಇಷ್ಟೆಲ್ಲ ಉಪಚಾರ ಮಾಡಿದರೂ ಆ ಪುಣ್ಯಾತ್ಮ ಮುಂಬೈ ಬಿಟ್ಟು ಕದಲಲೊಲ್ಲ. ಹಡಗು ಹತ್ತುತ್ತಾನೆ, ಸಮುದ್ರದಲ್ಲಿ ಒಂದಿಷ್ಟು ಸುತ್ತಾಡುತ್ತಾನೆ, ಮತ್ತೆ ಅದೇ ಕಟ್ಟೆಯ ಮೇಲೆ ಇಳಿಯುತ್ತಾನೆ. ಅತ್ತ ಎಣ್ಣೆ ಇಳಿಯುತ್ತಲೇ ಇತ್ತು.

ಭಾನುವಾರ ಮಗಳು ಬಗ್ಗಿ ನೋಡಿದಳು. ಹಡಗು ಹೊರಡುವಾಗ ಮೊಬೈಲಿನ ತೆರೆಯ ಮೇಲೆ ಎರಡು ಗುಂಡಿ ಮೂಡುತ್ತಿದ್ದವು: 'ಹೋಗುತ್ತೇನೆ', 'ಹೋಗಿ ಬರುತ್ತೇನೆ'.

"ಯವ್ವಾ, ನೀ ಯಾವದು ಒತ್ತಾಕತ್ತಿ?"

"ಹೋಗಿ ಬರ್ತೇನಿ ಅನ್ನೂದು. ಮತ್ತೇನ, ಬರೇ ಹೋಗತೇನಿ ಅಂತ ಅನ್ನಸಲೇನ ಅವನ ಬಾಯಾಗ?"

"ಅದನ್ನ ಒತ್ತಿದ್ರ ತಿರುಗಿ ಮುಂಬೈಗೇ ಬರ್ತಾನ ಬೇ! ಮುಂದ ಸಾಗಬೇಕಂದ್ರ ಹೋಗುತ್ತೇನೆ ಅಂತನ ಒತ್ತಬೇಕು."

ತ್ರಿಶಲಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹಾಲವ್ವ ನಗಲಿಲ್ಲ. ಮೊಬೈಲನ್ನು ದಿಂಬಿನ ಪಕ್ಕ ಬೋರಲು ಹಾಕಿ ಗೋಡೆಯ ಕಡೆ ಹೊರಳಿದಳು. ಅಪ್ಪನ ನೆನಪಾಗಿ ಮಗಳು ನಾಲಗೆ ಕಚ್ಚಿಕೊಂಡಳು.

ಆಮೇಲೆ ಹಾಲವ್ವ ಆಟ ಮುಟ್ಟಲಿಲ್ಲ. ಮುಟ್ಟದಿದ್ದರೇನು, ಮನಸ್ಸೆಲ್ಲ ಆ ತಂಗಿಯ ಕಿಟಕಿಯಲ್ಲೇ. ಆ ಮಾತು ಆಡಿಸಿದರೆ ಸಾಹೇಬನಿಗೆ ಕೇಡೆಂಬ ಹೆದರಿಕೆ, ಆಡಿಸದಿದ್ದರೆ ಅವನು ಮನೆ ಕಾಣುವುದೇ ಇಲ್ಲವೆಂಬ ಸಂಕಟ. ಊಟವೂ ಸೇರದಾಯಿತು. ಕೊನೆಗೆ ತ್ರಿಶಲಾಳೇ ಹೇಳಿದಳು: "ಭೂಮಿ ಗುಂಡಗ ಐತ್ರಿ, ಹಾಲವ್ವಾರ. ಮುಂದ ಮುಂದ ಹೋದ್ರೂ ಕಡೀಕ ಮನಿಗೇ ಬರ್ತಾನ."

ಹಾಲವ್ವ ದಿಂಬಿಗೆ ಒರಗಿ ಕೂತಳು. ಆಮೇಲೆ ಮೊಬೈಲ್ ಎತ್ತಿಕೊಂಡು 'ಹೋಗುತ್ತೇನೆ'ಯ ಮೇಲೆ ಬೆರಳಿಟ್ಟಳು. ಒತ್ತಿದ ಕೂಡಲೇ ಸಾಹೇಬ ಆಡದೆ ಬಿಟ್ಟದ್ದನ್ನು ತಾನೇ ಗಟ್ಟಿಯಾಗಿ ಅಂದಳು: "ಹೋಗಿ ಬಾರಪ್ಪಾ."

ಹಡಗು ಮುಂಬೈ ಬಿಟ್ಟಿತು. ಬಂದರು ಬಂದರಿಗೂ ಹಾಗೆಯೇ. ಸಾಹೇಬ ಅರ್ಧ ಮಾತು ಆಡುವನು, ರಬಕವಿಯ ಮಂಚದ ಮೇಲಿಂದ ಹಾಲವ್ವ ಉಳಿದರ್ಧ ಸೇರಿಸುವಳು. ಕಡೆಗೊಂದು ಮಧ್ಯಾಹ್ನ ಹಿಮ ಬೀಳುವ ಬೀದಿ ಬಂತು, ಕಿಟಕಿ ಬಂತು. ಎಣ್ಣೆ ತಳ ಕಂಡಿತ್ತು, ದೀಪ ಆರಿರಲಿಲ್ಲ. ತಂಗಿ ಬಾಗಿಲು ತೆರೆದಳು. ಹಾಲವ್ವ ತ್ರಿಶಲಾಳ ಕೈ ಹಿಡಿದುಕೊಂಡು ಅತ್ತಳು. ಗಂಡ ಹೋದ ಮೇಲೆ ಇಷ್ಟು ಹಗುರವಾಗಿ ಅವಳು ಅತ್ತಿರಲಿಲ್ಲ.

ಮರುದಿನ ದಾನೇಶ್ವರಿಗೆ ಹೊತ್ತಾಗಿತ್ತು. ಬಸ್ಸಿನ ಹಾರ್ನ್ ಕೇಳಿ, ಬುತ್ತಿ ಬಗಲಿಗೆ ಹಾಕಿಕೊಂಡು, "ಯವ್ವಾ, ಹೊಂಟೆ!" ಎಂದು ಹೊಸ್ತಿಲು ದಾಟಿಯೇ ಬಿಟ್ಟಳು. ದಾಟಿದವಳು ಅಂಗಳದಲ್ಲಿ ಗಕ್ಕನೆ ನಿಂತು, ಮುಖ ಸಣ್ಣದು ಮಾಡಿಕೊಂಡು ಹಿಂದಕ್ಕೆ ತಿರುಗಿದಳು.

"ತಿರುಗಬ್ಯಾಡ, ಬಸ್ಸು ತಪ್ಪತೈತಿ," ಎಂದು ಒಳಗಿನಿಂದ ಹಾಲವ್ವನ ದನಿ ಕೇಳಿತು. "ನೀ ಹೋಗ. ಬಾ ಅನ್ನಾಕ ನಾ ಅದೀನಲ್ಲ."