ಬಿಂದಿಗೆ ಮಾರಿದ ಕಥೆ

ಮೊನ್ನೆ ಕಂಪ್ಲಿಯಿಂದ ಹೊಸಪೇಟೆಗೆ ಬರುವಾಗ ಬಸ್ಸು ಒಂದು ಬಾಳೆತೋಟದ ಪಕ್ಕ ಕೆಟ್ಟು ನಿಂತಿತು. ಗೊನೆ ಕಡಿದ ಮೇಲೆ ಬಿಸಾಕಿದ ದಿಂಡುಗಳು ನೀರಲ್ಲಿ ನೆನೆದು, ಆ ಹುಳಿ ವಾಸನೆ ಕಿಟಕಿಯೊಳಗೆ ಬಂತು. ಬೇರೆಯವರು ಮೂಗು ಮುಚ್ಚಿಕೊಂಡರು. ನನಗೆ ಊರಿನ ಪಕ್ಕದ ಮನೆಯ ಅಕ್ಕ ನೆನಪಾದಳು...

ಆಗ ನಮ್ಮೂರಲ್ಲೊಂದು ಸಂಸ್ಥೆ ಇತ್ತು. ಸಂಜೆ ಮಕ್ಕಳಿಗೆ ಪಾಠ, ತಿಂಗಳಿಗೊಮ್ಮೆ ಡಾಕ್ಟರ ವ್ಯಾನು, ಹೆಂಗಸರಿಗೆ ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುವ ಕೆಲಸ. ಪಿಯುಸಿ ಮುಗಿಸಿದ ನಾನೂ ಅಲ್ಲೇ ಸೇರಿದ್ದೆ. ನಮ್ಮವ್ವನ ಸಕ್ಕರೆ ಕಾಯಿಲೆಗೆ ಗುಳಿಗೆ ಸಿಗುತ್ತಿದ್ದುದು ಆ ವ್ಯಾನಿನಲ್ಲೇ. ಒಳ್ಳೆಯ ಕೆಲಸ ಮಾಡಿದ ಸಂಸ್ಥೆ, ಅದರಲ್ಲಿ ಎರಡು ಮಾತಿಲ್ಲ.

ಹಂಪಿ ನೋಡಲು ಬಂದ ಪರದೇಶದ ದಾನಿಗಳು ಹಾಗೇ ನಮ್ಮಲ್ಲಿಗೂ ಬರುತ್ತಿದ್ದರು. ಬಂದಾಗಲೆಲ್ಲ ಅಕ್ಕ ಎದ್ದು ನಿಂತು ತನ್ನ ಕಥೆ ಹೇಳಬೇಕು. ಗಂಡ ಕುಡಿದು ಹೊಡೆದದ್ದು, ತವರಿನವರು ಕೊಟ್ಟ ತಾಮ್ರದ ಬಿಂದಿಗೆಯನ್ನೂ ಮಾರಿದ್ದು, ಕೊನೆಗೆ ಈ ನಾರು ಕೈ ಹಿಡಿದದ್ದು. ಸಂಸ್ಥೆ ನಡೆಸುತ್ತಿದ್ದ ಮೇಡಂ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಬಿಂದಿಗೆಯ ಮಾತು ಬರುತ್ತಲೇ ಕರ್ಚೀಫುಗಳು ಹೊರಗೆ ಬರುತ್ತಿದ್ದವು. ಕೇಳಿ ಕೇಳಿ ನಮಗೆಲ್ಲ ಎರಡೂ ಭಾಷೆಯಲ್ಲಿ ಬಾಯಿಪಾಠವಾಗಿತ್ತು.

ಕಥೆಯೇನೋ ನಿಜವೇ, ಆದರೆ ಹಳೆಯದು. ಮಾವ, ಅಂದರೆ ಅಕ್ಕನ ಗಂಡ, ಕುಡಿತ ಬಿಟ್ಟು ಎಷ್ಟೋ ವರ್ಷವಾಗಿತ್ತು. ತೋಟ ತೋಟ ಅಲೆದು, ನಾರಿಗೆ ಬೇಕಾದ ದಿಂಡನ್ನು ಹೊತ್ತು ತರುತ್ತಿದ್ದವನು ಅವನೇ. ದಾನಿಗಳು ಬರುವ ದಿನ ಮಾತ್ರ ಅತ್ತ ಸುಳಿಯುತ್ತಿರಲಿಲ್ಲ.

ಒಮ್ಮೆ ಲೆಕ್ಕ ತಪ್ಪಿತು. ಕಥೆ ಮುಗಿಯುವ ಹೊತ್ತಿಗೆ ಸರಿಯಾಗಿ ಮಾವ ಹೊರೆ ಹೊತ್ತು ಅಂಗಳಕ್ಕೆ ಬಂದ. ಬಂದವರಲ್ಲಿ ಒಬ್ಬಾಕೆ ಇವರು ಯಾರೆಂದು ಕೇಳಿದಳು. ಮೇಡಂ ಅಕ್ಕನ ಮುಖ ನೋಡಿದರು. ಕಣ್ಣೊರೆಸಿಕೊಳ್ಳುತ್ತಿದ್ದ ಅಕ್ಕ ತಡಬಡಿಸಿ, "ಆತ ದಿಂಡು ತರಾ ಮನಿಷ್ಯಾರಿ," ಅಂದುಬಿಟ್ಟಳು.

ಮಾವ ಹೊರೆ ಇಳಿಸಿ ಹೊರಟುಹೋದ. ಮರುದಿನದಿಂದ ದಿಂಡನ್ನು ಗೇಟಿನ ಹೊರಗೇ ಇಟ್ಟು ಹೋಗತೊಡಗಿದ. ಮನೆಯಲ್ಲಿ ಜಗಳವಿಲ್ಲ, ಮಾತೂ ಇಲ್ಲ. ಆತ ಒಂದು ಸಲ ಬೈದಿದ್ದರೂ ಸಾಕಿತ್ತು ಎಂದು ಅಕ್ಕ ನನ್ನೆದುರು ಅತ್ತಳು.

ಕೊನೆಗೆ ಮೇಡಂ ಹತ್ತಿರ ಹೋದಳು. "ಆ ಕಥಿ ಇನ್ನ ನನ್ ಕೈಲಿ ಆಗಲ್ರಿ. ಆತ ಈಗ ಹಂಗಿಲ್ರಿ."

ಮೇಡಂ ಗದರುವವರಲ್ಲ. ಮುಂದಿನ ವರ್ಷದ ವ್ಯಾನು ಈ ಸಲ ಬರುವವರ ಕೈಯಲ್ಲಿದೆ, ನಿನಗೆ ಬೇಡವಾದರೆ ಬೇರೆ ಯಾರಾದರೂ ತಮ್ಮ ಮನೆಯ ಕಥೆ ಹೇಳಲಿ ಅಂದರು. ನಾವೆಲ್ಲ ತಲೆ ತಗ್ಗಿಸಿ ನಾರು ಹೊಸೆದೆವು. ಎಲ್ಲರ ಮನೆ ದೋಸೆಯೂ ತೂತೇ, ಆದರೆ ಎತ್ತಿ ತೋರಿಸುವವರು ಯಾರು?

ದಾನಿಗಳು ಬಂದ ದಿನ ಅಕ್ಕ ಮಾವನನ್ನು ತಾನೇ ಕರೆತಂದು ಬಾಗಿಲ ಬಳಿ ನಿಲ್ಲಿಸಿದಳು. ಮಾವ ಒಗೆದ ಅಂಗಿ ತೊಟ್ಟಿದ್ದ. ಅಕ್ಕ ಬಿಂದಿಗೆಯ ಸುದ್ದಿಯನ್ನೇ ಎತ್ತಲಿಲ್ಲ. "ನನ್ ಗಂಡ ಕುಡಿಯಾದು ಬಿಟ್ಟು ಭಾಳ ವರ್ಷಾತ್ರಿ. ಈ ದಿಂಡೆಲ್ಲ ಆತನೇ ಹೊತ್ತು ತರಾದು. ಅಗಾ, ಅಲ್ಲೇ ನಿಂತಾನ್ರಿ," ಅಂದಳು.

ಮೇಡಂ ದಾನಿಗಳ ಕಡೆ ತಿರುಗಿದರು. ಆಮೇಲೆ ಇಂಗ್ಲಿಷಿನಲ್ಲಿ ಹಳೆಯ ಕಥೆಯನ್ನೇ ಹೇಳಿದರು. ಕುಡಿತ, ಹೊಡೆತ, ಬಿಂದಿಗೆ... ಕರ್ಚೀಫುಗಳು ಹೊರಗೆ ಬಂದವು. ಅಕ್ಕನಿಗೆ ತಿಳಿದುಹೋಯಿತು. ಏನೋ ಹೇಳಲು ಬಾಯಿ ತೆರೆದಳು. ಗೋಡೆಗೆ ಒರಗಿ ಕೂತಿದ್ದ ನಮ್ಮವ್ವನನ್ನು ನೋಡಿದಳು. ಬಾಯಿ ಮುಚ್ಚಿ ಕೂತುಬಿಟ್ಟಳು.

ಮಾವನಿಗೆ ಇಂಗ್ಲಿಷು ಎಲ್ಲಿಂದ ಬರಬೇಕು? ತನ್ನ ಒಳ್ಳೆಯತನ ಕೇಳಿ ಇಷ್ಟು ದೊಡ್ಡವರು ಅಳುತ್ತಿದ್ದಾರೆಂದುಕೊಂಡ. ಎರಡೂ ಕೈ ಮುಗಿದು ನಿಂತ.

ವ್ಯಾನು ಮತ್ತೆ ಬಂತು. ಮಾವನಿಗೆ ಅಕ್ಕ ನಿಜ ಹೇಳಲಿಲ್ಲ, ನಾವೂ ಹೇಳಲಿಲ್ಲ. ಆಮೇಲೂ ಪ್ರತಿ ಸಲ ಅವಳು ಕನ್ನಡದಲ್ಲಿ ಗಂಡನನ್ನು ಹೊಗಳಿದಳು, ಮೇಡಂ ಇಂಗ್ಲಿಷಿನಲ್ಲಿ ಬಿಂದಿಗೆ ಮಾರಿದರು. ಆ ಕಥೆಯಿಂದ ಹೊರಬರುವ ದಾರಿ ಇಬ್ಬರಿಗೂ ಗೊತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಅಕ್ಕ ಈಗಿಲ್ಲ. ಅವಳಿಲ್ಲದ ಓಣಿಗೆ ಹೋಗಲು ನನಗೆ ಸಂಕಟ. ಆದರೂ ಬಸ್ಸಿನಲ್ಲಿ ಆ ವಾಸನೆ ಬಂದ ಮೇಲೆ ಮನಸ್ಸು ತಡೆಯದೆ ಹೋದೆ. ಮಾವನ ಕಣ್ಣು ಮಂಜಾಗಿದೆ. ದನಿಯಿಂದಲೇ ಗುರುತು ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡು ಅದೇ ಮಾತು ತೆಗೆದ.

"ನಿಮ್ಮಕ್ಕ ಅವತ್ತು ನನ್ ಬಗ್ಗೆ ಹೇಳಿದ್ದಕ್ಕ ಪರದೇಶದೋರ ಕಣ್ಣಾಗ ನೀರು ಬಂತು ನೋಡವ್ವ. ನೀನೂ ಇದ್ದಿಯಲ್ಲ?"

ಇದ್ದೆ ಮಾವ, ಅಂದೆ.