ನಿಧಾನ ಮಾಡುವ ಕೆಲಸ

ತಿರುಗುವ ಕ್ಯಾಸೆಟಿನ ಗಾಲಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಹಾಡು ಹೇಗೆ ನರಳುತ್ತದೆ ಎಂಬುದು ನಿಮಗೂ ನೆನಪಿರಬಹುದು. ಹಾಡುವವರು ಇದ್ದಕ್ಕಿದ್ದಂತೆ ಮುದುಕರಾಗಿ, ಗಂಟಲು ಕಟ್ಟಿ, ಬಾವಿಯೊಳಗಿಂದ ಮಾತಾಡಿದ ಹಾಗೆ. ಮೊನ್ನೆ ಮೂಡುಬಿದಿರೆಯ ರಿಪೇರಿ ಅಂಗಡಿಯೊಂದರ ಮುಂದೆ ಹೋಗುತ್ತಿದ್ದಾಗ ಯಾರದೋ ಹಳೆಯ ಟೇಪ್ ರೆಕಾರ್ಡರ್ ಅದೇ ಸ್ವರದಲ್ಲಿ ನರಳಿತು. ತರಕಾರಿ ಕೊಳ್ಳಲು ಹೊರಟವಳು ಅಲ್ಲೇ ನಿಂತುಬಿಟ್ಟೆ. ಈಗ ಇಲ್ಲದ ನಮ್ಮ ವೇಣೂರಿನ ಮನೆ, ಅದರ ಚಾವಡಿ, ಚಾಪೆಯ ಮೇಲಿನ ಸ್ಯಾಕ್ಸೋಫೋನು, ಅದರ ಪೆಟ್ಟಿಗೆ ತೆರೆದಾಗ ಬರುತ್ತಿದ್ದ ಒದ್ದೆ ಬಟ್ಟೆಯ, ಎಣ್ಣೆಯ, ಸ್ವಲ್ಪ ಎಂಜಲಿನ ವಾಸನೆ, ಎಲ್ಲವೂ ಒಟ್ಟಿಗೇ ಬಂದವು.

ನಮ್ಮದು ವಾದ್ಯದವರ ಮನೆ. ಅಜ್ಜ ನಾಗಸ್ವರ ನುಡಿಸಿದವರು. ನಮ್ಮ ಕಡೆಯ ದೇವಸ್ಥಾನಗಳಿಗೂ ಮದುವೆಗಳಿಗೂ ಸ್ಯಾಕ್ಸೋಫೋನು ಬಂದ ಮೇಲೆ ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಅದನ್ನು ಹಿಡಿದರು. ತೊಂಬತ್ತರ ದಶಕದ ಆ ದಿನಗಳಲ್ಲಿ ಗುರುವನ್ನು ಹುಡುಕಿಕೊಂಡು ಹೋಗುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಬಂಟ್ವಾಳದಲ್ಲಿ ಮದುವೆ ಮುಗಿಸಿ ಬರುವಾಗ ಕ್ಯಾಸೆಟ್ ತರುತ್ತಿದ್ದರು, ಅದೇ ಗುರು. ಆದರೆ ಈ ಗುರುವಿಗೆ ವಿಪರೀತ ಅವಸರ. ಕೃತಿಯ ನಡುವೆ ಸರಸರನೆ ಓಡುವ ಸ್ವರಗಳ ಸಾಲು, ಚಿಟ್ಟೆಸ್ವರ, ಬಂತೆಂದರೆ ದೊಡ್ಡಪ್ಪನ ಕಿವಿಯಲ್ಲಿ ಒಂದೂ ನಿಲ್ಲುತ್ತಿರಲಿಲ್ಲ. ಮುಚ್ಚಳ ಮುರಿದ ನಮ್ಮ ಟೇಪಿನ ಗಾಲಿಯನ್ನು ಒತ್ತಿ ಹಿಡಿದರೆ ವೇಗ ಇಳಿಯುತ್ತಿತ್ತು ನಿಜ, ಜೊತೆಗೆ ಶ್ರುತಿಯೂ ಪಾತಾಳಕ್ಕಿಳಿಯುತ್ತಿತ್ತು. ಪಿಟೀಲಾದರೆ ಕಿವಿ ಹಿಂಡಿ ತಂತಿ ಸಡಿಲ ಮಾಡಬಹುದು. ಸ್ಯಾಕ್ಸೋಫೋನಿಗೆ ಹಿಂಡಲು ಕಿವಿ ಎಲ್ಲಿದೆ? ದೊಡ್ಡಪ್ಪ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು.

ನನಗಾಗ ಹತ್ತು ವರ್ಷ. ಒಂದು ಸಂಜೆ ಅವರ ಪಕ್ಕದಲ್ಲಿ ಹೂ ಕಟ್ಟುತ್ತಾ ಕೂತವಳು, ಆಗಷ್ಟೇ ಓಡಿ ಹೋದ ಮೋಹನ ರಾಗದ ಚಿಟ್ಟೆಸ್ವರವನ್ನು ನನ್ನಷ್ಟಕ್ಕೆ ನಿಧಾನವಾಗಿ ಗುನುಗಿದೆ, ಕ್ಯಾಸೆಟಿನ ಶ್ರುತಿಯಲ್ಲೇ. ದೊಡ್ಡಪ್ಪ ತಿರುಗಿ ನೋಡಿದರು.

“ಇನ್ನೊಮ್ಮೆ ಹೇಳು ನೋಡುವ. ಹಾಗೇ, ಮೆಲ್ಲ.”

ಅಂದಿನಿಂದ ಮನೆಯಲ್ಲಿ ನನಗೊಂದು ಉದ್ಯೋಗ. ಕ್ಯಾಸೆಟ್ ಒಂದು ತುಂಡು ಓಡುವುದು, ಅದನ್ನು ನಿಲ್ಲಿಸುವುದು, ನಾನು ಅದೇ ತುಂಡನ್ನು ಅದೇ ಶ್ರುತಿಯಲ್ಲಿ ಅರ್ಧ ವೇಗಕ್ಕೆ ಹಾಡುವುದು, ನನ್ನ ಹಿಂದೆ ದೊಡ್ಡಪ್ಪ ಊದುವುದು. ತಪ್ಪಿದರೆ ಬೈಯುವ ಹಕ್ಕೂ ನನ್ನದೇ. ಊರೂರಲ್ಲಿ ಶಾಲು ಹೊದೆಸಿಕೊಂಡ ಮನುಷ್ಯ ನನ್ನೆದುರು ಚಕ್ಕಳಮಕ್ಕಳ ಕೂತು “ಆಯ್ತು ಮಾರಾಯ್ತಿ, ಸರಿ ಮಾಡ್ತೇನೆ” ಎನ್ನುತ್ತಿದ್ದರು. ದೊಡ್ಡಮ್ಮ ಅಡುಗೆಮನೆಯಿಂದಲೇ “ಇವಳಿಗೆ ಕೊಂಬು ಬಂದದ್ದು ನಿಮ್ಮಿಂದ” ಎಂದು ನಗುತ್ತಿದ್ದರು. ಬಂದಿತ್ತು, ಸುಳ್ಳಲ್ಲ. ಆ ಮನೆಯಲ್ಲಿ ಹುಡುಗಿಯರ ಕೈಗೆ ವಾದ್ಯ ಕೊಡುವ ಪದ್ಧತಿ ಇರಲಿಲ್ಲ. ವಾದ್ಯದ ಅಷ್ಟು ಹತ್ತಿರ ಕೂರುವುದೇ ನನಗೆ ದೊಡ್ಡ ಸಂಗತಿಯಾಗಿತ್ತು.

ನಾನು ಕಾಲೇಜು ಮುಗಿಸುವ ಹೊತ್ತಿಗೆ ದೊಡ್ಡಪ್ಪನ ಮಗ ಗಿರೀಶಣ್ಣ ಮನೆಗೆ ಕಂಪ್ಯೂಟರ್ ತಂದ. ಕ್ಯಾಸೆಟನ್ನು ಅದರೊಳಗೆ ಇಳಿಸಿ ಏನೋ ಒತ್ತಿದ. ಮೋಹನ ಅರ್ಧ ವೇಗದಲ್ಲಿ ಬಂತು, ಶ್ರುತಿ ಕೂದಲೆಳೆಯಷ್ಟೂ ಕದಲಿರಲಿಲ್ಲ. ದೊಡ್ಡಪ್ಪ ಮಗುವಿನಂತೆ ಚಪ್ಪಾಳೆ ತಟ್ಟಿ “ಇನ್ನು ನಿನಗೆ ರಜೆ ಮಗಾ” ಎಂದರು. ನಾನು ನಕ್ಕೆ. ಆಮೇಲೆ ಬಾವಿಕಟ್ಟೆಯ ಹತ್ತಿರ ಹೋಗಿ ಅತ್ತೆ. ಹೊಟ್ಟೆಕಿಚ್ಚು, ಅದೂ ಒಂದು ಡಬ್ಬಿಯ ಮೇಲೆ!

ಅದೇ ವರ್ಷ ದೊಡ್ಡಪ್ಪನಿಗೆ ದಮ್ಮು ಶುರುವಾಗಿತ್ತು. ಮದುವೆಯ ಚಪ್ಪರಗಳಲ್ಲಿ ನಡುವೆಯೇ ನಿಲ್ಲಿಸಬೇಕಾಗುತ್ತಿತ್ತು. ವಾದ್ಯ ಕೆಳಗಿಟ್ಟರೆ ತಾನು ಏನೂ ಅಲ್ಲ ಎಂಬ ಹೆದರಿಕೆ ಅವರ ಮುಖದಲ್ಲೇ ಕಾಣುತ್ತಿತ್ತು. ಕಂಪ್ಯೂಟರಿನ ಮುಂದೆ ಹತ್ತು ದಿನ ಅಭ್ಯಾಸ ಮಾಡಿದವರು ಒಂದು ಬೆಳಿಗ್ಗೆ ಬೆವರು ಒರೆಸುತ್ತಾ ಹೊರಗೆ ಬಂದರು.

“ಇದರೊಟ್ಟಿಗೆ ಆಗುವುದಿಲ್ಲ ಮಾರಾಯ್ತಿ. ಇದು ಉಸಿರೇ ತೆಗೆಯುವುದಿಲ್ಲ. ಸ್ವರ ಉದ್ದ ಆಯ್ತು, ನನ್ನ ಉಸಿರು ಉದ್ದ ಆಗ್ತದಾ? ನೀನಾದರೆ ನಿಲ್ಲುವಲ್ಲಿ ನಿಲ್ಲುತ್ತಿ.”

ನನಗೆ ಆಗಲೇ ಗೊತ್ತಾದದ್ದು. ಹತ್ತರ ವಯಸ್ಸಿನಲ್ಲಿ ನನ್ನ ಉಸಿರು ಗಿಡ್ಡ. ಉದ್ದದ ಸಾಲನ್ನು ಒಂದೇ ದಮ್ಮಿಗೆ ಹಾಡಲಾಗದೆ ನಡುವೆ ಮುರಿದು ಗಾಳಿ ಎಳೆದುಕೊಳ್ಳುತ್ತಿದ್ದೆ. ಅದೇ ಕ್ರಮವೆಂದು ನಂಬಿದ ದೊಡ್ಡಪ್ಪ ಅಲ್ಲಲ್ಲೇ ನಿಲ್ಲಿಸಿ ಅಲ್ಲಲ್ಲೇ ಉಸಿರು ತೆಗೆಯಲು ಕಲಿತಿದ್ದರು, ವೇಗದಲ್ಲಿ ನುಡಿಸುವಾಗಲೂ ಬಿಟ್ಟಿರಲಿಲ್ಲ. ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಜನ “ಇವರ ಮೋಹನದ ಶೈಲಿಯೇ ಬೇರೆ” ಎಂದು ಹೊಗಳುತ್ತಿದ್ದದ್ದು ನನ್ನ ಪುಟ್ಟ ಎದೆಗೂಡಿನ ಅಳತೆಯನ್ನು. ನಾನು ಮತ್ತೆ ನನ್ನ ಹಳೆಯ ಕೆಲಸಕ್ಕೆ ಸೇರಿದೆ. ಅವರ ದಮ್ಮು ಹೆಚ್ಚಿದಷ್ಟೂ ಸಾಲುಗಳನ್ನು ಇನ್ನೂ ಚಿಕ್ಕದಾಗಿ ಮುರಿದೆ.

ಕೊನೆಗೆ ಡಾಕ್ಟರು ಊದಲೇ ಕೂಡದು ಎಂದರು. ದೊಡ್ಡಪ್ಪ ತೀರಿಹೋಗುವ ಮೊದಲಿನ ಭಾನುವಾರ, ಮಿಜಾರಿನಲ್ಲಿ ಕೆಲಸಕ್ಕಿದ್ದ ನಾನು ಅವರನ್ನು ನೋಡಲು ಹೋದೆ. ಗೋಡೆಗೆ ಒರಗಿ ಕೂತು ಸ್ಯಾಕ್ಸೋಫೋನನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಬಾಯಿಗಿಡುವ ತುದಿಯನ್ನು ಯಾರೋ ತೆಗೆದಿಟ್ಟಿದ್ದರು.

“ಮೋಹನ ಹಾಡು” ಎಂದರು. ನಾನು ಎಂದಿನಂತೆ ನಿಧಾನವಾಗಿ ಶುರು ಮಾಡಿದೆ. ಅವರು ಅಡ್ಡಡ್ಡ ತಲೆಯಾಡಿಸಿದರು.

“ಮೆಲ್ಲ ಬೇಡ. ಇನ್ನು ಊದಲಿಕ್ಕೆ ಉಂಟಾ? ಕ್ಯಾಸೆಟಿನ ಸ್ಪೀಡಲ್ಲೇ ಹೋಗುವ.”

ಜೀವಮಾನದಲ್ಲಿ ಮೊದಲ ಸಲ ಅವರಿಗಾಗಿ ವೇಗವಾಗಿ ಹಾಡಿದೆ. ಅವರ ಬೆರಳುಗಳು ನನ್ನ ಜೊತೆಗೇ ಓಡಿದವು. ಸದ್ದು ಬರುತ್ತಿದ್ದದ್ದು ವಾದ್ಯದ ತೂತು ಮುಚ್ಚುವ ಚರ್ಮದ ಬಿಲ್ಲೆಗಳು ಹಿತ್ತಾಳೆಗೆ ತಾಗುವ ಟಪಟಪ ಮಾತ್ರ. ಒಂದು ಸ್ವರವೂ ತಪ್ಪಲಿಲ್ಲ. ಚಿಟ್ಟೆಸ್ವರದ ನಡುವೆ ಅಳು ಒತ್ತಿ ಬಂದು ನನ್ನ ಉಸಿರು ಮುಗಿಯಿತು, ಸಾಲು ಅರ್ಧಕ್ಕೇ ನಿಂತಿತು. ಅವರ ಬೆರಳುಗಳಿಗೆ ಉಸಿರೇನೂ ಬೇಕಿರಲಿಲ್ಲ, ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಅಲ್ಲೇ, ಆ ಸ್ವರದ ಮೇಲೆ ನಿಂತು, ನಾನು ಗಾಳಿ ಎಳೆದುಕೊಳ್ಳುವುದನ್ನೇ ಕಾದವು.