ಬಿಳಿ ಮೇಜಿನ ಅಕ್ಕ

ನನಗೂ ನನ್ನ ವಾರಗಿತ್ತಿಗೂ ಜಗಳವಾಡಲು ಆಸ್ತಿ ಇರಲಿಲ್ಲ, ಒಡವೆ ಇರಲಿಲ್ಲ. ಒಂದು ಲೋಟ ನೀರು ಸಾಕಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ನಾನು ಲೋಟ ಮುಂದೆ ಹಿಡಿಯುವುದು, ಅವಳು ಮುಖ ತಿರುಗಿಸುವುದು. ನನ್ನ ಗಂಡನ ಅಣ್ಣನ ಹೆಂಡತಿ, ವಯಸ್ಸಿನಲ್ಲೂ ದೊಡ್ಡವಳು, ಹಾಗಾಗಿ ಬಾಯಿ ತುಂಬ ‘ಅಕ್ಕ’ ಅನ್ನುತ್ತಲೇ ಬೈಯುತ್ತಿದ್ದೆ. ಬೈದು ಏನು ಬಂತು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹೆಂಗಸು ಅವಳು.

ಇಬ್ಬರೂ ಒಂದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದೆವು. ಉದ್ದನೆಯ ತಗಡಿನ ಶೆಡ್ಡು. ಒಂದು ಕಡೆ ಒಗೆಯುವ ಯಂತ್ರಗಳು, ಇನ್ನೊಂದು ಕಡೆ ಕಂಬಳಿ ಹೊದಿಸಿದ ಮೇಜುಗಳು, ತಲೆಯ ಮೇಲಿಂದ ಇಳಿಬಿದ್ದ ಆವಿಯ ಕೊಳವೆಗಳು. ಬಣ್ಣದ ಬಟ್ಟೆಗೆ ಸಾಲಾಗಿ ಮೇಜುಗಳಿದ್ದವು, ನನ್ನದು ಅದರಲ್ಲೊಂದು. ಬಿಳಿ ಬಟ್ಟೆಗೆ ಮಾತ್ರ ಕಿಟಕಿಯ ಪಕ್ಕದಲ್ಲಿ ಒಂದೇ ಮೇಜು. ಹೋಟೆಲುಗಳ ಹಾಸಿಗೆ ಹೊದಿಕೆ, ಊಟದ ಮೇಜಿನ ಬಟ್ಟೆ, ದೊಡ್ಡವರ ಗರಿಗರಿ ಅಂಗಿ, ಎಲ್ಲ ಅಲ್ಲಿಗೇ ಹೋಗುತ್ತಿದ್ದವು. ಆ ಮೇಜು ಅಕ್ಕನದು. ಭಾವ ತೀರಿಕೊಂಡ ಮೇಲೆ ಮನೆಯಲ್ಲಿ ಅವಳನ್ನು ಕೇಳಿ ಮಾಡುವ ಕೆಲಸ ಏನೂ ಉಳಿದಿರಲಿಲ್ಲ. ಅಲ್ಲಿ ಮಾತ್ರ ಧಣಿಯೂ ಬಂದು, “ಇದು ಆಗುತ್ತಾ ನೋಡಮ್ಮ” ಎಂದು ಕೇಳಿ ನಿಲ್ಲುತ್ತಿದ್ದ. ಊರಿಗೊಬ್ಬಳೇ ಪದ್ಮಾವತಿ ಎಂದು ನಾವೆಲ್ಲ ಅವಳನ್ನು ಆಡಿಕೊಳ್ಳುತ್ತಿದ್ದೆವು. ಅವಳಿಗೆ ಒಳಗೊಳಗೇ ಖುಷಿ.

ಬಿಳಿಯ ಮೇಲೆ ಒಂದು ಹನಿ ಬೆವರು ಬಿದ್ದು ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಹಾಯ್ದರೆ ಹಳದಿ ಕಲೆ ಕೂರುತ್ತದೆ. ಅದಕ್ಕೇ ಆ ಮೇಜಿನವರಿಗೆ ಒಂದು ಕಟ್ಟಳೆ ಇತ್ತು: ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿನಿಂದ ಮಧ್ಯಾಹ್ನದ ಊಟದವರೆಗೆ ನೀರು ಮುಟ್ಟುವಂತಿಲ್ಲ. ಕುಡಿದರೆ ತಾನೆ ಬೆವರು? ಯಾವ ಧಣಿಯೂ ಇದನ್ನು ಹೇರಿದ್ದಲ್ಲ. ಅಕ್ಕನಿಗೆ ಕೆಲಸ ಕಲಿಸಿದ ಮುದುಕಿ ಹೇಳಿದ್ದು, ಆ ಮುದುಕಿಗೆ ಇನ್ಯಾರೋ ಹೇಳಿದ್ದು. ನೀರು ಕುಡಿಯದಿದ್ದರೂ ಆ ಆವಿಯಲ್ಲಿ ಅವಳ ರವಿಕೆ ಬೆನ್ನಿಗೆ ಅಂಟಿಕೊಂಡೇ ಇರುತ್ತಿತ್ತು. ಅದನ್ನು ತೋರಿಸಿ ನಾನು ವಾದ ಮಾಡಿದ್ದುಂಟು. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ ಆಯಿತು, ಅಷ್ಟೆ.

ಅವಳ ಬಲಭುಜ ಹಿಡಿದುಕೊಂಡದ್ದು ಹೀಗೆ ವರ್ಷಗಟ್ಟಲೆ ಪೆಟ್ಟಿಗೆ ಎಳೆದಿದ್ದಕ್ಕೆ. ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲ. ನಾನೇ ಜಡೆ ಹಾಕುತ್ತಿದ್ದೆ. ಮೇಜು ಕೈತಪ್ಪುತ್ತದೆ ಎಂಬ ಹೆದರಿಕೆಗೆ ಕೊನೆಗೆ ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ಬಂದಳು.

“ಏನಂದ್ರು ಅಕ್ಕ?”

“ಊತ ಇದೆಯಂತೆ. ಮಾತ್ರೆ ಬರ್ಕೊಟ್ಟಿದಾರೆ. ಊಟ ಆದ್ಮೇಲೆ ತಗೊಳ್ಳಿ, ಐದೇ ದಿನ, ನೀರು ಚೆನ್ನಾಗಿ ಕುಡೀರಿ ಅಂದ್ರು. ನೋವು ಹೋಗ್ದಿದ್ರೆ ಮತ್ತೆ ಬಂದು ತೋರಿಸ್ಬೇಕಂತೆ.”

“ಬಿಪಿ ಮಾತ್ರೆ ನುಂಗ್ತೀಯಲ್ಲ, ಅದನ್ನ ಹೇಳಿದ್ಯಾ?”

“ಬೇರೆ ಔಷಧ ಏನಾದ್ರೂ ತಗೊಳ್ತೀರಾ ಅಂತ ಕೇಳಿದ್ರು. ಇಲ್ಲ ಅಂದೆ. ಔಷಧ ಅಂದ್ರೆ ಕಾಯಿಲೆಯೋರು ತಗೊಳ್ಳೋದು ಕಣೇ. ಬಿಪಿ ಮಾತ್ರೆ ದಿನಾ ಇದ್ದದ್ದೇ, ಕಾಫಿ ಇದ್ದ ಹಾಗೆ.”

ನನಗೆ ನಗು ಬಂತು, ಸಿಟ್ಟೂ ಬಂತು. ನಾಳೆಯೇ ಹೋಗಿ ಹೇಳಿ ಬಾ ಅಂದೆ. ಹೂಂ ಅಂದಳು. ಅವಳ ಹೂಂಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಹೋಗಲಿಲ್ಲ.

ಮಾತ್ರೆಗೆ ನೋವು ಮಂಗಮಾಯವಾಯಿತು. ಅಕ್ಕ ಹದಿನಾರರ ಹುಡುಗಿಯ ಹಾಗೆ ಕೈ ಎತ್ತಿ ತಾನೇ ಜಡೆ ಹಾಕಿಕೊಂಡಳು. ಐದು ದಿನ ಮುಗಿದವು, ಭುಜ ಮತ್ತೆ ಕಚ್ಚಿಕೊಂಡಿತು. ಡಾಕ್ಟರ ಹತ್ತಿರ ಹೋದರೆ ಕೆಲಸ ಬಿಡಿ ಎಂದಾರು ಎಂದು ಅವಳು ಆ ಕಡೆ ತಲೆಯನ್ನೇ ಹಾಕಲಿಲ್ಲ. ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಖಾಲಿ ಸ್ಟ್ರಿಪ್ ತೋರಿಸಿದಳು. ಅವನು ಚೀಟಿ ಕೇಳದೆ ಇನ್ನೊಂದು ಕೊಟ್ಟ. ಆಮೇಲೆ ಅದೇ ರೂಢಿಯಾಯಿತು. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು, ಅರ್ಧ ಗುಟುಕು ನೀರಿನಲ್ಲಿ. ನಾನು ಕೂಗಾಡಿದರೆ, “ಡಾಕ್ಟ್ರೇ ಬರ್ಕೊಟ್ಟಿದ್ದು ತಾನೆ, ನಾನೇನು ಕದ್ದು ತಿಂತಿದೀನಾ?” ಎನ್ನುತ್ತಿದ್ದಳು. ಹೀಗೆ ಚಳಿಗಾಲ ಕಳೆದು ಬೇಸಿಗೆ ಬಂತು.

ಮೊದಲು ಕಾಲು ಊದಿತು. ಚಪ್ಪಲಿಯ ಪಟ್ಟಿ ಪಾದದಲ್ಲಿ ಬರೆ ಕೂರಿಸುತ್ತಿತ್ತು. ನಿಂತು ನಿಂತು ಹೀಗಾಗಿದೆ ಎಂದಳು. ಆಮೇಲೆ ಒಂದು ದಿನ ಮೇಜಿನ ಹತ್ತಿರ ಕರೆದು, ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಪಿಸುಗುಟ್ಟಿದಳು.

“ಈಗ ಎಷ್ಟು ಆರಾಮು ಗೊತ್ತಾ? ಸಾಯಂಕಾಲದ ತನಕ ಬಾತ್‌ರೂಮಿಗೆ ಹೋಗ್ಬೇಕು ಅಂತಲೇ ಅನ್ಸಲ್ಲ.”

ಅದು ಆರಾಮಲ್ಲ ಎಂದು ಹೇಳಲು ನಾನು ಡಾಕ್ಟರಾಗಬೇಕಿರಲಿಲ್ಲ. ಅಂದೇ ರಟ್ಟೆ ಹಿಡಿದು ಎಳೆದೆ, ಬರಲಿಲ್ಲ. ಹೋಟೆಲಿನ ದೊಡ್ಡ ಗಂಟು ಬಂದಿದೆ, ಅದು ಮುಗಿಯಲಿ ಎಂದಳು. ಗಂಟು ಮುಗಿಯುವ ಮೊದಲೇ ಅನ್ನ ಸೇರದಾಯಿತು, ತಿಂದದ್ದೆಲ್ಲ ವಾಂತಿ. ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಇಟ್ಟವಳು ಅದನ್ನು ಎತ್ತುವುದನ್ನೇ ಮರೆತು ನಿಂತಳು. ಹೊಗೆ ಬಂದಾಗ ನಾನು ಓಡಿ ಪೆಟ್ಟಿಗೆ ಕಿತ್ತುಕೊಂಡೆ. ಅವಳು ಅಲ್ಲೇ ಕುಸಿದಳು.

ಆಸ್ಪತ್ರೆಯ ಡಾಕ್ಟರಮ್ಮ ಅವಳ ಚೀಲದಲ್ಲಿದ್ದ ಸ್ಟ್ರಿಪ್‌ಗಳನ್ನು ಹಾಸಿಗೆಯ ಮೇಲೆ ಸುರಿದು ಒಂದೊಂದನ್ನೂ ತಿರುಗಿಸಿ ನೋಡಿದರು.

“ಮಾತ್ರೆ ಕೆಟ್ಟದ್ದಲ್ಲಮ್ಮ,” ಎಂದರು ನನಗೆ. “ನಾನೂ ಬರೆದುಕೊಡ್ತೀನಿ. ಆದ್ರೆ ಇದು ನೋವಿನ ಜೊತೆ ಕಿಡ್ನಿಗೆ ಹೋಗೋ ರಕ್ತಾನೂ ಕಮ್ಮಿ ಮಾಡುತ್ತೆ. ಸ್ವಲ್ಪ ದಿನ, ನೀರು ಕುಡಿಯೋ ಮೈ ಆದ್ರೆ ತಡ್ಕೊಳ್ಳುತ್ತೆ. ಇವರ ಬಿಪಿ ಮಾತ್ರೆ ನೀರು ಹೊರಗೆ ಹಾಕೋ ಅಂಥದ್ದು. ಅದರ ಮೇಲೆ ಇದು, ಅದರ ಮೇಲೆ ಬೆವರು, ಕುಡಿಯೋಕೆ ನೀರೂ ಇಲ್ಲ. ಕಾಲು ಊದಿದಾಗ, ಮೂತ್ರ ಕಮ್ಮಿ ಆದಾಗಲೇ ನಿಲ್ಲಿಸಿ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು.”

ಅಕ್ಕ ಮಲಗಿದ್ದಲ್ಲಿಂದಲೇ ಕೇಳಿದಳು: “ನೋವಿದ್ದದ್ದು ಭುಜಕ್ಕೆ. ಕಿಡ್ನಿಗ್ಯಾಕೆ ಬಂತು?”

ಡಾಕ್ಟರಮ್ಮ ಮತ್ತೊಮ್ಮೆ ಹೇಳಿದರು. ಅಕ್ಕ ತಲೆಯಾಡಿಸಿದಳು. ಅರ್ಥವಾದದ್ದಕ್ಕೋ, ಸಾಕು ಅನ್ನುವುದಕ್ಕೋ, ನನಗೆ ಇವತ್ತಿಗೂ ತಿಳಿಯದು.

ಆಮೇಲೆ ಡಯಾಲಿಸಿಸ್. ವಾರ ವಾರವೂ ಅವಳ ರಕ್ತವನ್ನು ಯಂತ್ರ ತೊಳೆದು ಕೊಡುತ್ತಿತ್ತು. ಧಣಿ ಕೆಲವು ಕಾಲ ಕಾದು, ಆಮೇಲೆ ಬಿಳಿ ಮೇಜನ್ನು ನನಗೆ ಕೊಟ್ಟ. ಬೇಡ ಅನ್ನಬೇಕೆಂದಿದ್ದೆ, ಅಕ್ಕನೇ “ಬೇರೆಯೋರಿಗೆ ಹೋಗೋದು ಬೇಡ ಕಣೇ” ಎಂದಳು. ಮೊದಲ ದಿನವೇ ಮೇಜಿನ ಕಾಲ ಬಳಿ ನೀರಿನ ಕೊಡ ಇಟ್ಟೆ, ಹಣೆಗೆ ದಪ್ಪ ಬಟ್ಟೆ ಕಟ್ಟಿದೆ. ಧಣಿ ಕೊಡವನ್ನು ನೋಡಿ, ದಾಟಿ ಮುಂದೆ ಹೋದ. ಸಂಜೆ ಮನೆಗೆ ಹೋದಾಗ ಅವಳು ಕೇಳಿದ್ದು ಒಂದೇ ಮಾತು.

“ಕಲೆ ಬೀಳುತ್ತಾ?”

“ಯಾವಾಗ್ಲೋ ಒಂದೊಂದು ಬೀಳುತ್ತೆ.”

“ಆಗ ಏನ್ಮಾಡ್ತೀಯ?”

“ಮತ್ತೆ ಒಗೆಯೋಕೆ ಹಾಕ್ತೀನಿ. ಹೋಗುತ್ತೆ.”

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಬೆನ್ನು ಅಲುಗುತ್ತಿತ್ತು. ಕಲೆ ಹೋಗುವುದೇ ಇಲ್ಲ ಎಂದು ಒಂದು ಸುಳ್ಳು ಹೇಳಬಹುದಿತ್ತು ಅನ್ನಿಸಿತು. ಆದರೆ ಆ ಹೆಂಗಸಿಗೆ ಬಟ್ಟೆಯ ವಿಷಯದಲ್ಲಿ ಯಾರೂ ಸುಳ್ಳು ಹೇಳಿ ದಕ್ಕಿಸಿಕೊಂಡದ್ದಿಲ್ಲ.

ಕಿಡ್ನಿ ನಿಂತ ಮೈಯಲ್ಲಿ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಎದೆಗೆ ಏರುತ್ತದೆ. ದಿನಕ್ಕೆ ಇಷ್ಟೇ ಎಂದು ಅಳೆದು ಕೊಡಬೇಕು. ಆ ಅಳತೆ ನನ್ನ ಕೈಗೆ ಬಂತು. ಮರುವರ್ಷದ ಬೇಸಿಗೆಯಲ್ಲಿ ಅವಳ ನಾಲಿಗೆ ಬಿರುಕು ಬಿಟ್ಟಿತ್ತು. ನಾನು ಪಾತ್ರೆ ತೊಳೆಯುವಾಗ ನಲ್ಲಿಯ ಸದ್ದು ಕೇಳಿದರೂ ಹೊರಳಿ ನೋಡುತ್ತಿದ್ದಳು. ಬಾಗಿಲು ಹಾಕಿಕೊಂಡು ತೊಳೆಯುವುದನ್ನು ಕಲಿತೆ. ಎಂದೂ ಯಾರ ಮುಂದೂ ಕೈ ಒಡ್ಡದವಳು ನನ್ನ ಸೆರಗು ಹಿಡಿದಳು.

“ಒಂದೇ ಗುಟುಕು. ಯಾರಿಗೂ ಹೇಳಲ್ಲ ಕಣೇ.”

“ಇವತ್ತಿನದು ಮುಗೀತು ಅಕ್ಕ.”

“ನಾಳೆಯದ್ರಲ್ಲಿ ಕಳ್ಕೋ.”

ನಾಳೆಯದನ್ನು ಆಗಲೇ ಕುಡಿದಾಗಿತ್ತು. ಹಿಂದಿನ ರಾತ್ರಿ ಅವಳು ಕಣ್ಣೀರಿಟ್ಟಾಗ ತಡೆಯಲಾರದೆ ಎರಡು ದಿನದ್ದನ್ನು ಒಟ್ಟಿಗೇ ಕೊಟ್ಟಿದ್ದೆ. ಬೆಳಿಗ್ಗೆ ಉಸಿರು ಸಿಕ್ಕದೆ ಒದ್ದಾಡಿದ್ದಳು. ನಾನು ಅಡುಗೆಮನೆಗೆ ಹೋಗಿ ಒಂದು ಬಿಳಿ ಬಟ್ಟೆಯ ತುದಿ ಒದ್ದೆ ಮಾಡಿ, ಹಿಂಡಿ, ತಂದು ಅವಳ ತುಟಿಗೆ ಒತ್ತಿದೆ. ಕಣ್ಣು ಮುಚ್ಚಿಕೊಂಡಳು. ಆಮೇಲೆ ತಟ್ಟನೆ ಬಟ್ಟೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಹೀರತೊಡಗಿದಳು. ಅವಳ ದವಡೆಯನ್ನು ಎರಡು ಬೆರಳಲ್ಲಿ ಅದುಮಿ, ನಾನು ಬಟ್ಟೆ ಬಿಡಿಸಿಕೊಂಡೆ.